ಹಗಲು ಖಾಲಿ ಎಂದುಕೊಂಡ ಮನೆ

ಮಂಗಳೂರಿನ ಕೂಳೂರಿಗೆ ಚಳಿಗಾಲ ಬಂದದ್ದು ಫ್ಯಾನಿನ ರೆಗ್ಯುಲೇಟರಿನಲ್ಲಿ ಗೊತ್ತಾಗುತ್ತದೆ. ಐದರಲ್ಲಿದ್ದದ್ದು ಎರಡಕ್ಕೆ ಇಳಿಯುತ್ತದೆ. ಪೂರ್ತಿ ನಿಲ್ಲಿಸುವಂತಿಲ್ಲ, ಸೊಳ್ಳೆಗಾದರೂ ಅದು ತಿರುಗುತ್ತಿರಬೇಕು. ಬೆಳಗಿನ ಜಾವ ಫಲ್ಗುಣಿ ಹೊಳೆಯ ಮೇಲೆ ತೆಳ್ಳಗೆ ಮಂಜು, ಸೇತುವೆ ದಾಟುವ ಬೈಕಿನವರ ಕಿವಿಗೆ ಸುತ್ತಿದ ಬೈರಾಸು, ಎಂಟು ಗಂಟೆಗೆ ಬಿಸಿಲು ಬಿದ್ದರೆ ಅದೂ ಇಲ್ಲ. ಉಷ್ಣಾಂಶ 20 ಡಿಗ್ರಿಗೆ ಬಂದರೆ ಸಾಕು, "ಈ ವರ್ಷ ಭಾರೀ ಚಳಿ ಮಾರಾಯ್ರೆ" ಎಂದು ಅಂಗಡಿ ಮುಂದೆ ಮಾತು ಶುರುವಾಗುತ್ತದೆ.

ಇಂಥ ಊರಿನಿಂದ ಪ್ರತಿವರ್ಷ ದೀಪಾವಳಿಯ ಆಸುಪಾಸಿನಲ್ಲಿ ಒಂದಷ್ಟು ಅಮ್ಮಂದಿರು, ಅಪ್ಪಂದಿರು ಬಜ್ಪೆಯಲ್ಲಿ ವಿಮಾನ ಹತ್ತುತ್ತಾರೆ. ಮುಂಬಯಿಯಲ್ಲೋ ದುಬೈಯಲ್ಲೋ ಇಳಿದು, ಮತ್ತೆ ಹತ್ತಿ, ಬರ್ಮಿಂಗ್‌ಹ್ಯಾಮಿಗೋ ಲೀಡ್ಸಿಗೋ ಡಬ್ಲಿನ್ನಿಗೋ ಹೋಗಿ ಸೇರುತ್ತಾರೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತವರು, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದವರು ಆ ಕಡೆಗೆ ಹೋಗಿ ನೆಲೆಯಾದಷ್ಟೂ ಈ ಓಡಾಟ ಹೆಚ್ಚು. ಬಾಣಂತನಕ್ಕೆ ಒಂದು ಸಲ, ಮಗುವಿನ ತಾಯಿಯ ರಜೆ ಮುಗಿದು ಆಕೆ ಕೆಲಸಕ್ಕೆ ಹೋಗತೊಡಗಿದಾಗ ಇನ್ನೊಂದು ಸಲ. ವೀಸಾದ ಲೆಕ್ಕದಲ್ಲಿ ಅವರು ಕೆಲವು ತಿಂಗಳ ಅತಿಥಿಗಳು, ಸಂಬಳದ ಕೆಲಸ ಮಾಡುವಂತಿಲ್ಲ. ಮನೆಯೊಳಗೆ ಹೋದ ಮೇಲೆ ಮಗುವಿನ ಹಾಲು, ಲಂಗೋಟಿ, ನಿದ್ದೆ, ಅಳು ಎಲ್ಲ ಅವರದೇ.

ಹೋದವರು ಫೋನಿನಲ್ಲಿ ಹೇಳುವುದು ಹಿಮ ಬಿದ್ದ ಸುದ್ದಿ. ತಿರುಗಿ ಬಂದು ಎರಡು ವಾರ ಕಳೆದ ಮೇಲೆ, ಮಗ-ಸೊಸೆ ಕೇಳಿಸಿಕೊಳ್ಳುವಷ್ಟು ಹತ್ತಿರ ಇಲ್ಲದಾಗ ಹೇಳುವ ಸುದ್ದಿ ಬೇರೆ. ಅದು ಮನೆಯ ಒಳಗಿನ ಚಳಿಯದ್ದು.

ನಮ್ಮ ಬೀದಿಯಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. 2022ರ ಚಳಿಗಾಲವನ್ನು ಅವರು ಇಂಗ್ಲೆಂಡಿನ ಮಧ್ಯಭಾಗದ ಒಂದು ಊರಿನಲ್ಲಿ, ಮಗನ ಬಾಡಿಗೆ ಮನೆಯಲ್ಲಿ ಕಳೆದರು. ಸಾಲಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವ ನೂರು ವರ್ಷ ಹಳೆಯ ಇಟ್ಟಿಗೆ ಮನೆಗಳು. ಕೆಳಗೆ ಹಾಲು, ಅಡುಗೆಮನೆ, ಮೇಲೆ ಮಲಗುವ ಕೋಣೆ. ಸೊಸೆಗೆ ಆಸ್ಪತ್ರೆಯಲ್ಲಿ ಪಾಳಿ, ಮಗನಿಗೆ ಆಫೀಸು. ಬೆಳಿಗ್ಗೆ ಎಂಟೂವರೆಗೆ ಇಬ್ಬರೂ ಹೊರಟರೆ ಮನೆಯಲ್ಲಿ ದೊಡ್ಡಕ್ಕ ಮತ್ತು ಹತ್ತು ತಿಂಗಳ ಮೊಮ್ಮಗ.

ಅಲ್ಲಿಯ ಮನೆ ಬೆಚ್ಚಗಾಗುವುದು ಬಾಯ್ಲರಿನಿಂದ. ಗ್ಯಾಸ್ ಬಾಯ್ಲರು ನೀರು ಕಾಯಿಸುತ್ತದೆ, ಆ ನೀರು ಕೊಳವೆಗಳಲ್ಲಿ ಓಡಿ ಪ್ರತಿ ಕೋಣೆಯ ಕಿಟಕಿಯ ಕೆಳಗಿರುವ ರೇಡಿಯೇಟರನ್ನು ಬಿಸಿಮಾಡುತ್ತದೆ. ಬಾಯ್ಲರಿಗೆ ಒಂದು ಟೈಮರು. ಬೆಳಿಗ್ಗೆ ಎದ್ದು ತಯಾರಾಗುವಾಗ ಎರಡು ಗಂಟೆ, ಸಂಜೆ ಮನೆಗೆ ಬರುವ ಹೊತ್ತಿನಿಂದ ಮಲಗುವ ತನಕ. ಗಂಡ-ಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ ಸಾಮಾನ್ಯವಾಗಿ ಹೀಗೇ ಇಟ್ಟಿರುತ್ತಾರೆ, ಅದು ಸರಿಯೂ ಹೌದು. ಖಾಲಿ ಮನೆಗೆ ಯಾಕೆ ಗ್ಯಾಸು ಸುಡಬೇಕು? ತಪ್ಪಿದ್ದು ಎಲ್ಲಿ ಎಂದರೆ, ಹಗಲು ಹೊತ್ತು ಮನೆಯಲ್ಲಿ ಇಬ್ಬರು ಇದ್ದಾರೆ ಎಂದು ಬಾಯ್ಲರಿಗೆ ಯಾರೂ ಹೇಳಲಿಲ್ಲ. ಎಂಟು ಗಂಟೆಗೆ ಅದು ನಿಂತಿತು. ಹತ್ತಕ್ಕೆ ರೇಡಿಯೇಟರು ತಣ್ಣಗೆ, ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆ 15 ಡಿಗ್ರಿ. ಸಂಜೆ ಐದಕ್ಕೆ ಮತ್ತೆ ಬಿಸಿ ಏರತೊಡಗಿ, ಆರಕ್ಕೆ ಮಗ ಬಾಗಿಲು ತೆರೆದು ಒಳಗೆ ಬರುವಾಗ ಮನೆ ಬೆಚ್ಚಗೆ. ಅವನ ಕಣ್ಣಿಗೆ ಆ ಮನೆ ತಣ್ಣಗಾದದ್ದೇ ಇಲ್ಲ.

"ಅಮ್ಮಾ, ಚಳಿ ಆಗ್ತದಾ?"

"ಇಲ್ಲ ಮಗಾ, ಎಂತದೂ ಇಲ್ಲ."

ಈ ಎರಡನೆಯ ಮಾತಿನಲ್ಲಿಯೇ ಇಡೀ ವಿಷಯ ಇದೆ ಎಂದು ನನ್ನ ಅಭಿಪ್ರಾಯ. ಕೂಳೂರಿನ ಮನೆಯಲ್ಲಿ ದೊಡ್ಡಕ್ಕ ಹೇಳದೆ ಒಂದು ಕಿಟಕಿ ಮುಚ್ಚುವುದಿಲ್ಲ. ಅದೇ ದೊಡ್ಡಕ್ಕ ಮಗನ ಮನೆಯ ಗೋಡೆಯ ಮೇಲಿನ ಟೈಮರಿನ ಆ ಸಣ್ಣ ಬಿಳಿ ಡಬ್ಬಿಯನ್ನು ಮೂರು ವಾರ ಮುಟ್ಟಲಿಲ್ಲ. ಹಾಳಾದರೆ? ಬಿಲ್ಲು ಹೆಚ್ಚು ಬಂದರೆ? ಸೊಸೆ ಏನೆಂದುಕೊಂಡಾಳು? ನಮ್ಮ ಕಡೆಯ ನೆಂಟರ ಪದ್ಧತಿಯೇ ಹಾಗೆ. ಬಡಿಸಲು ಬಂದವರಿಗೆ ಮೂರು ಸಲ ಬೇಡ ಎನ್ನಬೇಕು, ನಾಲ್ಕನೆಯ ಸಲ ಅವರು ಕೇಳದೆ ಹಾಕಬೇಕು. ಅನ್ನದ ವಿಷಯದಲ್ಲಿ ಇದು ನಡೆಯುತ್ತದೆ. ಟೈಮರು ನಾಲ್ಕನೆಯ ಸಲ ಕೇಳುವುದಿಲ್ಲ.

ಬಿಲ್ಲಿನ ಹೆದರಿಕೆ ಸುಳ್ಳಲ್ಲ. ಬ್ರಿಟನ್ನಿನಲ್ಲಿ ಮನೆಗಳ ಗ್ಯಾಸು-ವಿದ್ಯುತ್ತಿನ ದರಕ್ಕೆ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಮಿತಿ ಹಾಕುತ್ತದೆ. ಸಾಧಾರಣ ಬಳಕೆಯ ಮನೆಗೆ ವರ್ಷಕ್ಕೆ 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದದ್ದು, ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಅಕ್ಟೋಬರಿಗೆ 3,549 ಎಂದು ಘೋಷಣೆಯಾಯಿತು. ಸರಕಾರ ನಡುವೆ ಬಂದು ಅದನ್ನು 2,500ಕ್ಕೆ ತಡೆಯಿತು. ಆಗಿನ ವಿನಿಮಯದಲ್ಲಿ ಅದು ಎರಡೂಕಾಲು ಲಕ್ಷ ರೂಪಾಯಿಗೂ ಮೇಲೆ. ಆ ವರ್ಷ ಜರ್ಮನಿಯಲ್ಲಿ ಸರಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಹೆಚ್ಚು ಬಿಸಿಮಾಡಬಾರದೆಂದೇ ನಿಯಮ ಬಂತು. ಊರಿಗೆ ಊರೇ ಸ್ವೆಟರು ಹಾಕಿ ಕೂತಿದ್ದಾಗ, ಅತಿಥಿಯಾಗಿ ಬಂದವರು ಹೀಟರು ಹಾಕು ಎಂದು ಹೇಗೆ ಕೇಳುವುದು?

ಕೇಳಬಹುದು, ಮತ್ತು ಕೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿಯಲ್ಲಿ ಚಳಿ ಪ್ರದೇಶದ ಮನೆಗಳ ಒಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದಿದೆ. ವಯಸ್ಸಾದವರು, ಮಕ್ಕಳು, ದೀರ್ಘಕಾಲದ ಕಾಯಿಲೆ ಇರುವವರು ಇದ್ದರೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು ಎಂಬ ಮಾತೂ ಇದೆ. ಚಳಿಗೆ ಚರ್ಮದ ಹತ್ತಿರದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಅರುವತ್ತು ದಾಟಿದವರ ಮೈ ನಡುಗಿ ಶಾಖ ಹುಟ್ಟಿಸುವುದೂ ಕಡಿಮೆ, ತಣ್ಣಗಾಗುತ್ತಿದ್ದೇನೆ ಎಂದು ತಿಳಿಯುವುದೂ ತಡ. ಬಿಪಿ ಮಾತ್ರೆ ನುಂಗುವ ಅಮ್ಮ "ಎಂತದೂ ಇಲ್ಲ" ಎಂದರೆ ಅದನ್ನು ನಂಬಬಾರದು, ಆಕೆಗೇ ಗೊತ್ತಿರಲಿಕ್ಕಿಲ್ಲ.

ಸುಲಭದ ಉಪಾಯ ಒಂದು ಥರ್ಮಾಮೀಟರು. ಮಾತಿನಲ್ಲಿ ಹೇಳಿದರೆ ದೂರಾಗುತ್ತದೆ, ಸಂಖ್ಯೆಯಲ್ಲಿ ಹೇಳಿದರೆ ಸುದ್ದಿಯಾಗುತ್ತದೆ. ತಮಾಷೆಯೆಂದರೆ ಆ ಮನೆಯಲ್ಲಿ ಅದು ಇತ್ತು. ಕೋಣೆಯ ಬಿಸಿಗೆ ತಕ್ಕಂತೆ ಬಣ್ಣ ಬದಲಾಯಿಸುವ, ಮೊಟ್ಟೆಯ ಆಕಾರದ ಒಂದು ದೀಪ ಮಗುವಿನ ಕೋಣೆಯಲ್ಲಿ ಉರಿಯುತ್ತಿತ್ತು. ಅಜ್ಜಿ ಕೂರುವ ಹಾಲಿನಲ್ಲಿ ಇರಲಿಲ್ಲ. ಒಂದು ದಿನ ದೊಡ್ಡಕ್ಕ ಅದನ್ನು ಕೆಳಗೆ ತಂದಿಟ್ಟು, ಮಧ್ಯಾಹ್ನ ಎರಡಕ್ಕೆ ಫೋಟೋ ತೆಗೆದು ಮಗನಿಗೆ ಕಳಿಸಿದರು. ಜತೆಗೆ ಒಂದಕ್ಷರ ಬರೆಯಲಿಲ್ಲ. ಅಂದೇ ರಾತ್ರಿ ಟೈಮರು ಬದಲಾಯಿತು.

ಬದಲಾಯಿಸುವಾಗ ಇಡೀ ಮನೆ ಕಾಯಿಸಬೇಕೆಂದಿಲ್ಲ. ಪ್ರತಿ ರೇಡಿಯೇಟರಿನ ಬದಿಯಲ್ಲಿ ಒಂದರಿಂದ ಐದರ ತನಕ ಅಂಕಿ ಇರುವ ತಿರುಗಣೆ ಇರುತ್ತದೆ. ಮೂರು ಎಂದರೆ ಸುಮಾರು 20 ಡಿಗ್ರಿ. ಐದಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುತ್ತದೆ ಎಂಬುದು ನಮ್ಮವರ ನಂಬಿಕೆ. ಬೇಗ ಆಗುವುದಿಲ್ಲ, ಆಮೇಲೆ ಸೆಕೆ ಆಗುತ್ತದೆ ಅಷ್ಟೆ. ಹಗಲು ಹೊತ್ತು ಅಜ್ಜಿ-ಮೊಮ್ಮಗು ಇರುವ ಒಂದು ಕೋಣೆಯನ್ನು ಮೂರರಲ್ಲಿಟ್ಟು, ಬೇರೆ ಕೋಣೆಗಳದ್ದನ್ನು ಒಂದಕ್ಕೆ ಇಳಿಸಿ, ನಡುವಿನ ಬಾಗಿಲು ಹಾಕಿಕೊಂಡು, ಬಾಗಿಲಿನ ಕೆಳಗಿನ ಸಂದಿಗೆ ಹಳೆ ಸೀರೆ ಸುತ್ತಿ ಇಟ್ಟರೆ ಖರ್ಚು ತೀರಾ ಏರದು. ರೇಡಿಯೇಟರಿನ ಎದುರು ಸೋಫಾ ಇಟ್ಟಿದ್ದರೆ ಅದನ್ನು ಸರಿಸಬೇಕು. ಇಲ್ಲವಾದರೆ ಬಿಸಿಯಾಗುವುದು ಸೋಫಾದ ಬೆನ್ನು.

ಬಾಗಿಲು ಹಾಕುವುದು ನಮ್ಮವರಿಗೆ ಅಭ್ಯಾಸವಿಲ್ಲ. ಕರಾವಳಿಯ ಮನೆ ಶಾಖವನ್ನು ಹೊರಗೆ ಕಳಿಸುವುದಕ್ಕಾಗಿಯೇ ಕಟ್ಟಿದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಈ ಕಡೆಯ ಮಾಡು ಹಂಚಿನದ್ದು. ಹಂಚು-ಹಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲೆ ಹೋಗುತ್ತದೆ, ಜಗಲಿಯಿಂದ ತಣ್ಣನೆಯದು ಒಳಗೆ ಬರುತ್ತದೆ. ಅದನ್ನು ನಮಗೆ ಮಾಡಿಕೊಟ್ಟವರು ಹಿಮ ಬೀಳುವ ದೇಶದಿಂದ ಬಂದವರು. ಅವರ ಊರಿನ ಮನೆಗಳ ಗೋಡೆ, ಬಾಗಿಲು, ಪರದೆ ಎಲ್ಲದರ ಕೆಲಸವೂ ಇದಕ್ಕೆ ತಿರುಗಾಮುರುಗ. ಇಂಗ್ಲೆಂಡಿನ ಹಳೆಯ ಮನೆಗಳು ಮಾತ್ರ ಎರಡಕ್ಕೂ ಸಲ್ಲದ ಜಾತಿ. ಒಂದೇ ಗಟ್ಟಿ ಗೋಡೆ, ಗಾಳಿ ನುಗ್ಗುವ ಮರದ ನೆಲ. 1970ರ ಸುಮಾರಿಗೆ ಅಲ್ಲಿನ ಮನೆಗಳ ಒಳಗಿನ ಚಳಿಗಾಲದ ಸರಾಸರಿ ಉಷ್ಣಾಂಶವೇ 12 ಡಿಗ್ರಿಯ ಆಸುಪಾಸಿನಲ್ಲಿತ್ತು ಎಂದು ಅಲ್ಲಿಯ ಸರಕಾರದ ಅಂದಾಜು. ಆ ಕಾಲದಲ್ಲಿ ಬೆಳೆದ ಬಾಡಿಗೆ ಮನೆಯ ಯಜಮಾನ "ಇನ್ನೊಂದು ಸ್ವೆಟರು ಹಾಕಿಕೊಳ್ಳಿ" ಎಂದರೆ ಅದು ಕೊಂಕು ಇರಲಿಕ್ಕಿಲ್ಲ. ಅವನು ಬದುಕಿದ್ದೇ ಹಾಗೆ.

ಇನ್ನು ಮಗು. ದೊಡ್ಡಕ್ಕನಿಗೂ ಸೊಸೆಗೂ ಮಾತು ಬಂದದ್ದು ಇಲ್ಲಿಯೇ.

ದೊಡ್ಡಕ್ಕ ಊರಿನಿಂದ ಉಣ್ಣೆಯ ಕುಲಾವಿ ಹೆಣೆದುಕೊಂಡು ಹೋಗಿದ್ದರು. ಮಗು ಮಲಗಿದ ಕೂಡಲೇ ಅಜ್ಜಿ ತಲೆಗೆ ಹಾಕುತ್ತಿದ್ದರು, ಅಮ್ಮ ಬಂದ ಕೂಡಲೇ ತೆಗೆಯುತ್ತಿದ್ದಳು. ಮೈಮೇಲೆ ಅಜ್ಜಿಯ ಹಳೆ ಸೀರೆಯ ಮೆತ್ತನೆ ಹೊದಿಕೆ, ಅದನ್ನೂ ತೆಗೆಯುತ್ತಿದ್ದಳು. ಕೈ ಮುಟ್ಟಿ ನೋಡಿದರೆ ಮಂಜುಗಡ್ಡೆ, ಹೊದೆಸಬೇಡವೆಂದರೆ ಇದು ಎಂಥ ತಾಯಿ ಎಂದು ಅಜ್ಜಿಗೆ ಸಿಟ್ಟು. "ಅತ್ತೆ, ಇಲ್ಲಿ ಮನೆಯೊಳಗೆ ಟೊಪ್ಪಿ ಹಾಕಿ ಮಲಗಿಸುವುದಿಲ್ಲ" ಎಂದು ಸೊಸೆ ಹೇಳಿದ್ದು ಅಲ್ಲಿಯ ಶೋಕಿಯಂತೆ ಕೇಳಿಸಿತು.

ಸೊಸೆಯ ಮಾತಿಗೆ ಆಧಾರ ಇದೆ. ಮಲಗಿದ್ದಲ್ಲಿಯೇ ಶಿಶುಗಳು ಕಾರಣ ತಿಳಿಯದೆ ತೀರಿಕೊಳ್ಳುವುದನ್ನು ತಡೆಯಲು ಬ್ರಿಟನ್ನಿನಲ್ಲಿ 1991ರಲ್ಲಿ ದೊಡ್ಡ ಪ್ರಚಾರ ನಡೆಯಿತು. ಮಗುವನ್ನು ಅಂಗಾತ ಮಲಗಿಸಿ, ಅತಿಯಾಗಿ ಬಿಸಿಯಾಗಲು ಬಿಡಬೇಡಿ ಎಂಬುದು ಅದರ ತಿರುಳು. ಆಮೇಲಿನ ವರ್ಷಗಳಲ್ಲಿ ಅಂಥ ಸಾವುಗಳು ಬಹಳ ಕಡಿಮೆಯಾದವು. ಮಗು ಮೈಯ ಹೆಚ್ಚಿನ ಶಾಖವನ್ನು ತಲೆಯಿಂದ ಹೊರಬಿಡುತ್ತದೆ. ಟೊಪ್ಪಿ ಹಾಕಿದರೆ ಆ ದಾರಿ ಮುಚ್ಚಿದಂತೆ. ಸಡಿಲ ಹೊದಿಕೆ ಮುಖದ ಮೇಲೆ ಬರಬಹುದು. ಹಾಗಾಗಿ ಅಲ್ಲಿ ಕೈತೂರಿಸುವ, ಹೆಗಲಿಗೆ ಗುಂಡಿ ಇರುವ ಮಲಗುವ ಚೀಲ ಬಳಸುತ್ತಾರೆ. ಅದು ಎಷ್ಟು ಬೆಚ್ಚಗಿಡುತ್ತದೆ ಎಂಬುದಕ್ಕೆ ಟಾಗ್ ಎಂಬ ಅಳತೆ, 16ರಿಂದ 20 ಡಿಗ್ರಿಯ ಕೋಣೆಗೆ 2.5 ಟಾಗ್. ಮಗುವಿನ ಕೈಕಾಲು ತಣ್ಣಗಿರುವುದು ಸಹಜ. ಚಳಿಯೋ ಸೆಕೆಯೋ ಗೊತ್ತಾಗಬೇಕಾದರೆ ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಬೇಕು. ಬೆವರಿದ್ದರೆ ಒಂದು ಪದರ ತೆಗೆಯಬೇಕು. ಮಗುವಿನ ಹಾಸಿಗೆಯಲ್ಲಿ ಹಾಟ್ ವಾಟರ್ ಬ್ಯಾಗು, ವಿದ್ಯುತ್ ಕಂಬಳಿ ಇಡಲೇಬಾರದು.

ಈ ಸಂಗತಿಗಳನ್ನು ಊರಿನಿಂದ ಹೊರಡುವ ಮೊದಲೇ ಯಾರಾದರೂ ಸಮಾಧಾನದಲ್ಲಿ ಹೇಳಿದ್ದರೆ ಕುಲಾವಿಯ ಜಗಳ ಆಗುತ್ತಲೇ ಇರಲಿಲ್ಲ. ಗಮನಿಸಬೇಕಾದ ಇನ್ನೊಂದು ಲೆಕ್ಕವಿದೆ. ಮಲಗಿದ ಮಗುವಿಗೆ ಹೇಳುವುದು 16ರಿಂದ 20 ಡಿಗ್ರಿ, ಹಿರಿಯರಿಗೆ ಹೇಳುವುದು 18 ಮತ್ತು ಮೇಲೆ. ಇಬ್ಬರಿಗೂ ಒಪ್ಪುವುದು 18, 19, 20. ಮನೆಯವರೂ ಅತಿಥಿಯೂ ಈ ಸಂಖ್ಯೆಗಳ ಮೇಲೆ ಕೂತು ಮಾತಾಡಿದರೆ ಯಾರಿಗೆ ಚಳಿ ಜಾಸ್ತಿ ಎಂಬ ಪ್ರಶ್ನೆಯೇ ಬರುವುದಿಲ್ಲ. 19 ಡಿಗ್ರಿಯಲ್ಲಿಯೂ ಕೂಳೂರಿನ ಅಜ್ಜಿಗೆ ಚಳಿ ಇದ್ದೇ ಇರುತ್ತದೆ. ಅದು ಬಟ್ಟೆಯಿಂದ ಹೋಗಬೇಕಾದ ಚಳಿ.

ಬಟ್ಟೆಯ ವಿಷಯದಲ್ಲಿ ನಮ್ಮವರು ಹಟಮಾರಿಗಳು. ಸೀರೆಯ ಮೇಲೆ ಸ್ವೆಟರು, ಕಾಲು ಬರಿದು. ದೊಡ್ಡಕ್ಕನಂತೂ ಮನೆಯೊಳಗೆ ಚಪ್ಪಲಿ ಹಾಕುವುದೆಂದರೆ ದೇವರ ಕೋಣೆಗೆ ಚಪ್ಪಲಿ ಹಾಕಿ ಹೋದಂತೆ ಆಡಿದರು. ಕಾವಿ ನೆಲದ ತಂಪಿಗೆ ಒಗ್ಗಿದ ಪಾದಗಳವು. ಕೊನೆಗೆ ಹೊರಗೆ ಎಂದೂ ಹೋಗದ, ಮನೆಯೊಳಗಿಗೇ ಮೀಸಲಾದ ಬಟ್ಟೆಯ ಚಪ್ಪಲಿ ತಂದುಕೊಟ್ಟು ಸೊಸೆ ರಾಜಿ ಮಾಡಿಸಿದಳು. ಗಂಡಸರದ್ದು ಲುಂಗಿಯ ಹಟ. ಲುಂಗಿಯೊಳಗೆ ಥರ್ಮಲ್ ಪೈಜಾಮ ಹಾಕಿಕೊಂಡರೆ ಲುಂಗಿಗೆ ಅವಮಾನವಾಗುವುದಿಲ್ಲ ಎಂದು ಅವರಿಗೆ ಯಾರಾದರೂ ತಿಳಿಹೇಳಬೇಕು. ಮೈಗೆ ತಾಗುವ ತೆಳು ಬಟ್ಟೆ, ನಡುವೆ ಉಣ್ಣೆ, ಮೇಲೆ ಗಾಳಿ ತಡೆಯುವುದು, ಕಾಲಿಗೆ ಎರಡು ಜತೆ ಕಾಲುಚೀಲ. ಪದರ ಪದರದ ನಡುವೆ ನಿಂತ ಗಾಳಿಯೇ ಚಳಿ ತಡೆಯುವುದು, ಹಾಗಾಗಿ ಒಂದು ದಪ್ಪದ್ದಕ್ಕಿಂತ ಮೂರು ತೆಳ್ಳಗಿನದ್ದು ಮೇಲು. ಮಂಗಳೂರಿನ ಅಂಗಡಿಗಳಲ್ಲಿ ಸಿಗುವ ಸ್ವೆಟರು ಹೆಚ್ಚೆಂದರೆ ಬೆಂಗಳೂರಿನ ಚಳಿಗೆ ಸರಿ. ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಕೊಡುವ ಬದಲು ಕಷಾಯದ ಹುಡಿಗೆ ಕೊಡಬಹುದು. ಉಣ್ಣೆ ಬಟ್ಟೆ ಅಲ್ಲಿಯೇ ಕೊಂಡರಾಯಿತು.

ಸುಮ್ಮನೆ ಕೂತಾಗ ವಿದ್ಯುತ್ತಿನ ಹೊದಿಕೆ ಒಳ್ಳೆಯ ಉಪಾಯ. ಅದು ಎಳೆಯುವುದು 100 ವ್ಯಾಟಿನ ಆಸುಪಾಸು. ಹತ್ತು ಗಂಟೆ ಹೊದ್ದು ಕೂತರೆ ಒಂದು ಯೂನಿಟ್. ಕೋಣೆಯಲ್ಲಿಡುವ ಎಣ್ಣೆ ಹೀಟರು ಒಂದೂವರೆ-ಎರಡು ಸಾವಿರ ವ್ಯಾಟ್, ಪೂರ್ತಿ ಉರಿದರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಅಷ್ಟೇ ನುಂಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಕಾಲಡಿಗೆ ಹಾಟ್ ವಾಟರ್ ಬ್ಯಾಗು ಇಟ್ಟುಕೊಂಡು ಮಲಗಬಾರದು. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಡುವ ಯೋಚನೆ ಯಾವ ಊರಿನಲ್ಲಿಯೂ ಬೇಡ. ಬೆಳಗಾವಿ, ಕೊಡಗಿನ ಚಳಿಗೂ ಬೇಡ. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮಗುವಿಗೆ ಸ್ನಾನವಾದ ಮೇಲೆ ಲೋಬಾನದ ಹೊಗೆ ಹಿಡಿಯುವ ಆಸೆಗೆ ಅಲ್ಲಿಯ ಹೊಗೆ ಅಲಾರ್ಮೇ ಅಡ್ಡಿ. ಒಗ್ಗರಣೆಗೇ ಕೂಗುವ ಯಂತ್ರ ಅದು.

ಅಡುಗೆಮನೆಯಲ್ಲಿ ದೊಡ್ಡಕ್ಕ ಅತಿಥಿಯಾಗಿರಲಿಲ್ಲ. ಮನೆಯ ಚಳಿಯನ್ನು ಅವರು ಸರಿಯಾಗಿ ಅಳೆದದ್ದೂ ಅಲ್ಲಿಯೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಕೂಳೂರಿನಲ್ಲಿ ಅದು ಹೆಪ್ಪುಗಟ್ಟುವುದು ಜನವರಿಯ ಕೆಲವು ಬೆಳಿಗ್ಗೆ ಮಾತ್ರ, ಬಿಸಿಲು ಬಂದರೆ ಕರಗುತ್ತದೆ. ಅಲ್ಲಿ ಬಾಟಲಿ ತಲೆಕೆಳಗು ಹಿಡಿದರೂ ಒಂದು ಹನಿ ಇಲ್ಲ. ಮಗುವಿನ ಎಣ್ಣೆ ಸ್ನಾನಕ್ಕೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕಾಯಬೇಕು. ದೋಸೆ ಹಿಟ್ಟು ಹುಳಿ ಬರಲು ಎರಡು ದಿನ. ಮೊದಲ ಸಲ ಬರಲೇ ಇಲ್ಲ. ಎರಡನೆಯ ಸಲ ಓವನ್ನಿನೊಳಗೆ ದೀಪ ಉರಿಸಿಟ್ಟರು, ಅರ್ಧ ಬಂತು. ಮೂರನೆಯ ಸಲ ಪಾತ್ರೆ ಹಿಡಿದುಕೊಂಡು ಮನೆಯೆಲ್ಲ ತಿರುಗಿ, ಗೋಡೆ ಮುಟ್ಟಿ ನೋಡಿ, ಬಾಯ್ಲರು ಇರುವ ಕಪಾಟಿನ ಬಾಗಿಲು ತೆರೆದರು. ಮರುದಿನ ಬೆಳಿಗ್ಗೆ ಹಿಟ್ಟು ಪಾತ್ರೆಯಿಂದ ಉಕ್ಕಿ ಮಡಚಿಟ್ಟಿದ್ದ ಬೈರಾಸುಗಳ ಮೇಲೆ ಇಳಿದಿತ್ತು. ಮನೆಯಲ್ಲಿ ಅತ್ಯಂತ ಬೆಚ್ಚಗಿನ ಜಾಗ ಆ ಕಪಾಟು, ಅದಕ್ಕೆ ತಾಗಿದ ಕೋಣೆ ಎರಡನೆಯದು. ಅಲ್ಲಿಗೇ ಅವರು ತಮ್ಮ ಕುರ್ಚಿ ಎಳೆದುಕೊಂಡರು.

ಅಡುಗೆಮನೆಯಿಂದಲೇ ಬರುವ ಒಂದು ತೊಂದರೆಯೂ ಇದೆ. ಕುಚ್ಚಲಕ್ಕಿ ಮುಕ್ಕಾಲು ಗಂಟೆ ಕುದಿಯಬೇಕು. ಆ ಹಬೆ ಮುಚ್ಚಿದ ಮನೆಯಲ್ಲಿ ತಣ್ಣನೆಯ ಕಿಟಕಿ ಗಾಜಿಗೆ ತಾಗಿ ನೀರಾಗುತ್ತದೆ. ರೇಡಿಯೇಟರಿನ ಮೇಲೆ ಒಣಹಾಕಿದ ಲಂಗೋಟಿಗಳ ತೇವವೂ ಸೇರುತ್ತದೆ. ನಾಲ್ಕು ವಾರದಲ್ಲಿ ಮೂಲೆಯಲ್ಲಿ ಕಪ್ಪು ಬೂಸಲು. ನಮಗೆ ಬೂಸಲು ಎಂದರೆ ಮಳೆಗಾಲದ ಚಪ್ಪಲಿ, ಬೆಲ್ಟು, ಒರೆಸಿದರೆ ಹೋಯಿತು. ರಾಚ್‌ಡೇಲ್ ಎಂಬ ಊರಿನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಸಲಿನಿಂದ ಉಸಿರಾಟದ ತೊಂದರೆಯಾಗಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿಯೇ ಅಲ್ಲಿ ಕಾನೂನು ಬಂದು, ಸಾಮಾಜಿಕ ವಸತಿಯ ಮನೆಗಳಲ್ಲಿ ತೇವ-ಬೂಸಲನ್ನು ಗಡುವಿನೊಳಗೆ ಸರಿಪಡಿಸಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಜಾರಿಗೆ ಬಂದಿದೆ. ಗಂಜಿ ಬೇಯಿಸುವಾಗ ಮುಚ್ಚಳ ಹಾಕಿ, ಹಬೆ ಎಳೆಯುವ ಫ್ಯಾನು ಹಾಕಿ, ದಿನಕ್ಕೆರಡು ಸಲ ಐದೈದು ನಿಮಿಷ ಕಿಟಕಿ ಪೂರ್ತಿ ತೆರೆದರೆ ತೇವ ಹೋಗುತ್ತದೆ. ಅಷ್ಟರಲ್ಲಿ ಗೋಡೆಯ ಬಿಸಿ ಹೋಗುವುದಿಲ್ಲ.

ಇಂಗ್ಲೆಂಡಿನ ತನಕ ಹೋಗದವರಿಗೂ ಈ ಕತೆ ಹೊಸದಲ್ಲ. ಕೊಲ್ಲಿಯಲ್ಲಿರುವ ಮಕ್ಕಳ ಮನೆಗೆ ಹೋದ ಎಷ್ಟೋ ಅಮ್ಮಂದಿರು ಹೊರಗೆ 42 ಡಿಗ್ರಿ ಇರುವಾಗ ಒಳಗೆ ಶಾಲು ಹೊದ್ದು ಕೂತಿರುತ್ತಾರೆ, ಎಸಿ 18ರಲ್ಲಿ, ರಿಮೋಟು ಮೊಮ್ಮಕ್ಕಳ ಕೈಯಲ್ಲಿ. ನಮ್ಮ ದೇಶದಲ್ಲಿ ಇಂಧನ ದಕ್ಷತಾ ಸಂಸ್ಥೆಯ ನಿಯಮದಂತೆ 2020ರ ಜನವರಿಯಿಂದ ಬರುವ ಕೋಣೆಯ ಎಸಿಗಳು ಹಾಕಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗುತ್ತವೆ. ಅದನ್ನು 18ಕ್ಕೆ ಇಳಿಸುವ ಬೆರಳು ಮನೆಯವರದ್ದು, ಮೂಗು ಸೋರುವುದು ನೆಂಟರದ್ದು. ಕೂಳೂರಿನ ಹೊಸ ಫ್ಲ್ಯಾಟುಗಳಲ್ಲಿಯೂ ಈಗ ಇದೇ. ಬೆಂಗಳೂರಿನಲ್ಲಿರುವ ಮಕ್ಕಳ ಮನೆಗಳಲ್ಲಂತೂ ಡಿಸೆಂಬರಿನಲ್ಲಿ ಎಸಿಯೂ ಇಲ್ಲ, ಹೀಟರೂ ಇಲ್ಲ, ನುಣುಪು ಟೈಲ್ಸಿನ ಮೇಲೆ ಬರಿಗಾಲು.

ದೊಡ್ಡಕ್ಕನ ಮಗನ ಮೇಲೆ ಯಾರಿಗೂ ಬೇಸರ ಬರಬಾರದು. ಅವನೂ ಇನ್ನೊಬ್ಬರ ಮನೆಯಲ್ಲಿ ಇರುವವನೇ. ಇಂಗ್ಲೆಂಡಿನಲ್ಲಿ ಪ್ರತಿ ಬಾಡಿಗೆ ಮನೆಗೆ ಶಾಖ ಉಳಿಸುವ ಗುಣದ ಪ್ರಕಾರ ಎ ಇಂದ ಜಿ ತನಕ ದರ್ಜೆ ಇದೆ. 2020ರ ಏಪ್ರಿಲಿನಿಂದ ವಿನಾಯಿತಿ ಪಡೆದವುಗಳನ್ನು ಬಿಟ್ಟರೆ ಇ ದರ್ಜೆಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ಅವನ ಮನೆ ಆ ಗೆರೆಯ ಮೇಲೆಯೇ ನಿಂತಿತ್ತು. ಮೇಲಿನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲವೆಂದು ಯಜಮಾನನಿಗೆ ಬರೆಯಲು ಅವನಿಗೂ ಸಂಕೋಚ, ಬಾಡಿಗೆ ಏರಿಸಿಬಿಟ್ಟಾನು ಎಂದು. ಅಮ್ಮ ಮಗನಿಗೆ ಹೇಳಲಿಲ್ಲ, ಮಗ ಯಜಮಾನನಿಗೆ ಹೇಳಲಿಲ್ಲ. ಕಿಟಕಿಯ ಸಂದಿಗೆ ಕೊನೆಗೆ ಪಟ್ಟಿ ಅಂಟಿಸಿದ್ದು ದೊಡ್ಡಕ್ಕನೇ.

ಈ ಸಲ ದೊಡ್ಡಕ್ಕನ ಮಗಳ ಸರದಿ. ಮಗಳಿರುವುದು ಡಬ್ಲಿನ್ನಿನಲ್ಲಿ, ಹೆರಿಗೆ ಡಿಸೆಂಬರಿಗೆ. ಬಾಣಂತಿ ಮದ್ದು ಮಾಡಿ ಡಬ್ಬಿಗೆ ತುಂಬಿಸಿ ಆಗಿದೆ. ಕುಲಾವಿ ಹೆಣೆದದ್ದೂ ಇದೆ, ಹೊರಗೆ ತಿರುಗಾಡಲು ಕರೆದೊಯ್ಯುವಾಗ ಹಾಕುವುದಕ್ಕಂತೆ. ಟಿಕೆಟು ತೆಗೆಯುವ ಮೊದಲು ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ: ಹಗಲು ಹೀಟರು ಎಷ್ಟು ಗಂಟೆಗೆ ಆಫ್ ಆಗ್ತದೆ, ಅದರ ಬಟನ್ ನಾನು ಒತ್ತಬಹುದಾ. ಅಳಿಯ ಮೊದಲನೆಯದಕ್ಕೆ "ನೋಡಿ ಹೇಳ್ತೇನೆ ಅತ್ತೆ" ಎಂದು ಬರೆದಿದ್ದಾರೆ. ಎರಡನೆಯದಕ್ಕೆ ಒಂದು ಹೆಬ್ಬೆರಳು ಬಂದಿದೆ.